ನಿಮಗಿದು ಗೊತ್ತೇ? ಹಡಪಸರದ ಖೋಲಿಗೂ ಒಬ್ಬ ವಕೀಲ

ಪುಣೆಯಿಂದ ಸೊಲ್ಲಾಪುರಕ್ಕೆ ಹೊರಡುವ ರಸ್ತೆ ಹಡಪಸರದ ಗಾಡಿತಳವನ್ನು ಹಾದೇ ಹೋಗಬೇಕು. ಅದೇ ರಸ್ತೆ, ರಾಷ್ಟ್ರೀಯ ಹೆದ್ದಾರಿ 65, ಸೊಲ್ಲಾಪುರ ಮತ್ತು ಉಮರಗಾ ದಾಟಿ ನಮ್ಮ ಹುಮನಾಬಾದಿಗೆ ಬರುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರ, ಬೀದರ ಸೀಮೆಯವರು ಈ ದಾರಿಯಲ್ಲೇ ದುಡಿಯಲು ಹೋಗಿ ಪುಣೆಯ ಅಂಚಿನಲ್ಲಿ ಖೋಲಿ ಹಿಡಿಯುತ್ತಾರೆ. ಅಲ್ಲಿ ಮನೆಯೋ ಪಡಿತರವೋ ಪಿಂಚಣಿಯೋ ಕೈತಪ್ಪಿದಾಗ ಬಹಳ ಸಲ ಹಕ್ಕೇ ಇಲ್ಲದೆ ತಪ್ಪಿರುವುದಿಲ್ಲ. ನೋಟಿಸು ಮರಾಠಿಯಲ್ಲಿತ್ತು, ಓದಿಸುವಷ್ಟರಲ್ಲಿ ಗಡುವು ಮೀರಿತ್ತು, ಅಷ್ಟೇ. ಆದ್ದರಿಂದ ಈ ಸಲದ ಅಂಕಣದಲ್ಲಿ ದಿನಗಳ ಲೆಕ್ಕ ಜಾಸ್ತಿ. ಓದುವಾಗ ಅವುಗಳ ಮೇಲೆ ಕಣ್ಣಿಡಿ.

● 15100. ಇದು ದೇಶಕ್ಕೆಲ್ಲ ಒಂದೇ ಉಚಿತ ಕಾನೂನು ನೆರವಿನ ಸಹಾಯವಾಣಿ. ಪುಣೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುವುದು ಶಿವಾಜಿನಗರದ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ.

● ಮಹಿಳೆಗೆ ಉಚಿತ ವಕೀಲರನ್ನು ಕೊಡುವಾಗ ಆಕೆಯ ಆದಾಯ ಎಷ್ಟೆಂದು ಕೇಳುವಂತಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಕಲಂ 12 ಹಾಗೆ ಹೇಳುತ್ತದೆ. ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು, ಮಾನವ ಸಾಗಣೆಗೆ ಅಥವಾ ಬಿಟ್ಟಿ ಚಾಕರಿಗೆ ಸಿಕ್ಕಿಬಿದ್ದವರು, ನೆರೆ, ಬರ, ಭೂಕಂಪದಂಥ ವಿಪತ್ತಿಗೆ ಈಡಾದವರು: ಇವರೆಲ್ಲರಿಗೂ ಇದೇ ನಿಯಮ. ಈ ಯಾವ ಗುಂಪಿಗೂ ಸೇರದವರಿಗೆ ಮಾತ್ರ ಆದಾಯದ ಮಿತಿ. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಅದು ವರ್ಷಕ್ಕೆ 3 ಲಕ್ಷ ರೂಪಾಯಿ, ಸುಪ್ರೀಂ ಕೋರ್ಟಿಗೆ 5 ಲಕ್ಷ.

● ಆದಾಯ ತೋರಿಸಲು ತಹಶೀಲ್ದಾರರ ಪ್ರಮಾಣಪತ್ರಕ್ಕಾಗಿ ಅಲೆಯಬೇಕಿಲ್ಲ. ಅನುಮಾನಿಸಲು ಕಾರಣವಿಲ್ಲದಿದ್ದರೆ ಅರ್ಜಿದಾರರ ಅಫಿಡವಿಟ್ಟೇ ಸಾಕು ಎಂದು ಕಲಂ 13 ಹೇಳುತ್ತದೆ.

● ಅರ್ಜಿ ಕೊಟ್ಟ 7 ದಿನದೊಳಗೆ ತೀರ್ಮಾನ ಆಗಬೇಕು. ಇದೇ ಕಾಯ್ದೆಯ 2010ರ ನಿಯಮಾವಳಿಯಲ್ಲಿ ಇದು ಬರೆದಿದೆ. ಓದುಬರಹ ಬಾರದವರು ಬಾಯಲ್ಲಿ ಹೇಳಿದರೆ ಪ್ರಾಧಿಕಾರದ ಸಿಬ್ಬಂದಿ ಬರೆದುಕೊಳ್ಳಬೇಕು.

● ಈಗ ನಮ್ಮವರಿಗೆ ಬಹಳ ಬೇಕಾದ, ಆದರೆ ಕಡಿಮೆ ಜನಕ್ಕೆ ತಿಳಿದ ಸಂಗತಿ. ಲಂಬಾಣಿಗರು, ವಡ್ಡರು (ಭೋವಿಗಳು) ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಮಹಾರಾಷ್ಟ್ರದಲ್ಲಿ ಅದೇ ಬಂಜಾರರು, ವಡಾರರು ವಿಮುಕ್ತ ಜಾತಿಯ ಪಟ್ಟಿಯಲ್ಲಿದ್ದಾರೆ. ಪರಿಶಿಷ್ಟ ಪಟ್ಟಿ ಆಯಾ ರಾಜ್ಯಕ್ಕೆ ಮಾತ್ರ ಲಾಗೂ ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿಬಿಟ್ಟಿದೆ. ಹಾಗಾಗಿ ಊರಿನ ಜಾತಿ ಪ್ರಮಾಣಪತ್ರ ಹಿಡಿದು ಶಿವಾಜಿನಗರಕ್ಕೆ ಹೋದವನಿಗೆ 'ಇದು ಇಲ್ಲಿ ನಡೆಯುವುದಿಲ್ಲ' ಎಂಬ ಉತ್ತರ ಬರಬಹುದು. ಅಷ್ಟಕ್ಕೇ ತಿರುಗಿ ಬಂದರೆ ಕೆಟ್ಟಂತೆ. ಕಟ್ಟಡದ ಕೂಲಿಯವನ ಗಳಿಕೆ 3 ಲಕ್ಷದೊಳಗಿದ್ದರೆ ಆದಾಯದ ಬಾಗಿಲು ತೆರೆದೇ ಇದೆ, ಅವನ ಹೆಂಡತಿಗಂತೂ ಹೆಣ್ಣೆಂಬ ಒಂದೇ ಕಾರಣ ಸಾಕು. ಒಂದೇ ಮನೆಯಲ್ಲಿ ಯಾರ ಹೆಸರಲ್ಲಿ ಅರ್ಜಿ ಹಾಕಬೇಕೆಂಬ ಪ್ರಶ್ನೆಗೆ ಇಷ್ಟು ತೂಕವಿದೆ.

● ಇನ್ನೊಂದು ತಪ್ಪು ತಿಳಿವಳಿಕೆ: 'ನಾವು ಕರ್ನಾಟಕದವರು, ನಮಗೆ ಇಲ್ಲಿ ಕೊಡುವುದಿಲ್ಲ.' ಕಲಂ 12ರಲ್ಲಿ ಇಷ್ಟು ವರ್ಷ ಈ ರಾಜ್ಯದಲ್ಲಿ ಇದ್ದಿರಬೇಕು ಎಂಬ ಷರತ್ತೇ ಇಲ್ಲ. ಸರ್ಕಾರದ ಯೋಜನೆಗಳ ಕತೆ ಬೇರೆ. ಮಹಾರಾಷ್ಟ್ರದ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಗೆ 15 ವರ್ಷ ಆ ರಾಜ್ಯದಲ್ಲಿ ವಾಸವಾಗಿದ್ದಿರಬೇಕು. ಗಾಡಿತಳದ ಸುತ್ತ ಇಪ್ಪತ್ತೈದು ಮೂವತ್ತು ವರ್ಷ ಕಳೆದ ಕನ್ನಡದ ವಿಧವೆಗೆ ಈ ಷರತ್ತು ಕಷ್ಟದ್ದಲ್ಲ, ಅದನ್ನು ಸಾಬೀತು ಮಾಡುವ ಕಾಗದವೇ ಕಷ್ಟ. ಮಗನ ಶಾಲೆಯ ದಾಖಲೆ, ಹಳೆಯ ಮತದಾರರ ಪಟ್ಟಿ, ಕರೆಂಟು ಬಿಲ್ಲು, ಆಸ್ಪತ್ರೆಯ ಚೀಟಿ ಹುಡುಕಿ ಜೋಡಿಸಿಕೊಡುವುದೇ ಅಲ್ಲಿ ನೆರವಿನ ವಕೀಲರ ಮುಖ್ಯ ಕೆಲಸ. ಕರಿಕೋಟಿನ ವಾದಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ.

● ಹೌದು, ಉಚಿತ ನೆರವು ಕೋರ್ಟಿಗೆ ಮಾತ್ರ ಅಲ್ಲ. ಕಾಯ್ದೆಯ ವ್ಯಾಖ್ಯಾನದಲ್ಲಿ ನ್ಯಾಯಾಲಯದ ಜೊತೆ 'ಇತರ ಪ್ರಾಧಿಕಾರ' ಮತ್ತು ನ್ಯಾಯಮಂಡಳಿಯೂ ಸೇರಿವೆ. ಸಲಹೆ ಕೊಡುವುದೂ ಸೇವೆಯೇ. ವಕೀಲರ ಶುಲ್ಕದ ಜೊತೆಗೆ ಕೋರ್ಟ್ ಶುಲ್ಕ, ನಕಲು ಪ್ರತಿಯ ಖರ್ಚು, ಸಾಕ್ಷಿಗಳ ಖರ್ಚು, ಕಾಗದಗಳ ಅನುವಾದದ ಖರ್ಚು ಕೂಡ ಸರ್ಕಾರದ್ದೇ. ಮರಾಠಿ ಓದಲು ಬಾರದವರು ಅನುವಾದವನ್ನು ಕೇಳಿ ಪಡೆಯಲು ನಾಚಬೇಕಿಲ್ಲ.

● ಸ್ವಲ್ಪ ಹಿಂದಕ್ಕೆ ಹೋಗೋಣ. 1949ರಲ್ಲಿ ಮುಂಬಯಿ ಸರ್ಕಾರ ಬಡವರಿಗೆ ಕಾನೂನು ನೆರವು ಹೇಗೆ ಕೊಡಬಹುದು ಎಂದು ನೋಡಲು ನ್ಯಾಯಮೂರ್ತಿ ಎನ್. ಎಚ್. ಭಗವತಿ ಅವರ ಸಮಿತಿ ನೇಮಿಸಿತು. ಆಗ ಪುಣೆ, ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ಇಂಗ್ಲೆಂಡ್ ತನ್ನ ಕಾನೂನು ನೆರವಿನ ಕಾಯ್ದೆ ಮಾಡಿದ್ದೂ ಅದೇ 1949ರಲ್ಲಿ. ಅಲ್ಲಿ ಕಾಯ್ದೆ ಜಾರಿಗೆ ಬಂತು, ಇಲ್ಲಿ ವರದಿ ಕಪಾಟಿಗೆ ಹೋಯಿತು. ಮುಂದೆ ಅದೇ ಭಗವತಿಯವರ ಮಗ, ಪಿ. ಎನ್. ಭಗವತಿ, ಗುಜರಾತಿನಲ್ಲಿ ಇಂಥದೇ ಸಮಿತಿಯ ಅಧ್ಯಕ್ಷರಾದರು. 1979ರ ಹುಸೈನಾರಾ ಖಾತೂನ್ ಪ್ರಕರಣದಲ್ಲಿ, ಬಡ ಆರೋಪಿಗೆ ಉಚಿತ ವಕೀಲರು ಸಿಗುವುದು ಮೂಲಭೂತ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟಿನಿಂದ ಹೇಳಿದವರೂ ಅವರೇ. ನಡುವೆ 1976ರ 42ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಉಚಿತ ಕಾನೂನು ನೆರವಿನ 39ಎ ವಿಧಿ ಸೇರಿತ್ತು. ತುರ್ತುಪರಿಸ್ಥಿತಿಯ ಆ ತಿದ್ದುಪಡಿಯ ಬಹುಪಾಲನ್ನು ಇಷ್ಟಪಡುವವರು ಕಡಿಮೆ, ಆದರೆ ಈ ಒಂದು ವಿಧಿಯ ಬಗ್ಗೆ ಯಾರೂ ಗೊಣಗಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಬಂದದ್ದು 1987ರಲ್ಲಿ, ಜಾರಿಯಾದದ್ದು 1995ರ ನವೆಂಬರ್ 9ರಂದು. ಗಡುವು ಮೀರಿದರೆ ಬಡವನ ಅರ್ಜಿ ತಿರಸ್ಕರಿಸುವ ವ್ಯವಸ್ಥೆ ತನ್ನ ಕಾಯ್ದೆಯನ್ನು ಜಾರಿಗೆ ತರಲು ತಾನೇ ತೆಗೆದುಕೊಂಡ ಸಮಯ ಇದು.

● ಈ ಇತಿಹಾಸದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರೂ ಒಂದು ವಿಚಿತ್ರ ರೀತಿಯಲ್ಲಿ ಬರುತ್ತದೆ. 1978ರ ಹೊಸಕೋಟ್ ಪ್ರಕರಣದ ಮೂಲ ಆ ವಿಶ್ವವಿದ್ಯಾಲಯದ ಖೋಟಾ ಮೊಹರು. ಅದನ್ನು ಮಾಡಿಕೊಡಲು ಮುಂಬಯಿಯ ಬ್ಲಾಕ್ ತಯಾರಕರೊಬ್ಬರಿಗೆ ಆರ್ಡರ್ ಹೋಗಿತ್ತು. ಹೈಕೋರ್ಟ್ ತೀರ್ಪು 1973ರದು. ಸುಪ್ರೀಂ ಕೋರ್ಟಿಗೆ ಶಿಕ್ಷೆಯಾದ ಹೊಸಕೋಟ್‌ನ ಅರ್ಜಿ ಬಂದದ್ದು ನಾಲ್ಕು ವರ್ಷಕ್ಕೂ ಹೆಚ್ಚು ತಡವಾಗಿ, ತೀರ್ಪಿನ ಪ್ರತಿ ತನ್ನ ಕೈಗೆ ಸೇರಿರಲಿಲ್ಲ ಎಂಬುದು ಅವನ ವಾದ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅರ್ಜಿಯನ್ನು ವಜಾ ಮಾಡಿದರು. ಆದರೆ ತೀರ್ಪಿನ ಪ್ರತಿಯನ್ನು ಕೈದಿಗೆ ಬೇಗ, ಪುಕ್ಕಟೆಯಾಗಿ ಕೊಡಬೇಕು, ವಕೀಲರಿಲ್ಲದಿದ್ದರೆ ಸರ್ಕಾರವೇ ಒದಗಿಸಬೇಕು ಎಂದು ಬರೆದರು. ಅವನು ಸೋತ ಮೊಕದ್ದಮೆಯಿಂದ ದೇಶದ ಉಳಿದ ಕೈದಿಗಳು ಗೆದ್ದರು.

● ಇನ್ನು ಮನೆಯ ವಿಷಯ. 1981ರ ಜುಲೈ 13ರಂದು ಮಹಾರಾಷ್ಟ್ರದ ಮುಖ್ಯಮಂತ್ರಿ ಎ. ಆರ್. ಅಂತುಳೆ, ಮುಂಬಯಿಯ ಫುಟ್‌ಪಾತ್ ವಾಸಿಗಳನ್ನೆಲ್ಲ ಎಬ್ಬಿಸಿ ಅವರವರ ಊರಿಗೆ ಕಳಿಸುವುದಾಗಿ ಘೋಷಿಸಿದರು. ಹೊರಗಿನಿಂದ ದುಡಿಯಲು ಬಂದವರ ಮೇಲೆ ಬಿದ್ದ ಆ ಪೆಟ್ಟು ಇವತ್ತು ಹಡಪಸರದಲ್ಲಿರುವ ನಮ್ಮವರಿಗೆ ಪಾಠವಾಗುವಂಥದ್ದು. ಮುಂಬಯಿಯ ಕಾಮರಾಜ ನಗರ ಬಸ್ತಿಯ ಗುಡಿಸಲುಗಳು ಜುಲೈ 23ರಂದು ನೆಲಸಮವಾದವು, ಮಳೆ ಜೋರಾಗಿದ್ದ ಸಮಯ. ಕೋರ್ಟಿಗೆ ಹೋದವರಲ್ಲಿ ಒಬ್ಬ ತಮಿಳುನಾಡಿನ ಸೇಲಂನ ಭೂಹೀನ ಕೂಲಿಕಾರ. 1961ರಲ್ಲಿ ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದವನು, ರಾಸಾಯನಿಕ ಕಂಪನಿಯೊಂದರಲ್ಲಿ ದಿನಕ್ಕೆ 23 ರೂಪಾಯಿ ಕೂಲಿ ಮಾಡುತ್ತಿದ್ದ. ಪ್ಲಾಸ್ಟಿಕ್ ಹೊದಿಸಿದ ಗುಡಿಸಲಿಗೆಂದು ಗಲ್ಲಿಯ ದಾದಾ ಅವನಿಂದ 2,500 ರೂಪಾಯಿ ಕಿತ್ತಿದ್ದ. ಗುಡಿಸಲು ಕೆಡವಿ ಅವನನ್ನು ಸೇಲಂಗೆ ಸಾಗಹಾಕಿದರು. ಅಲ್ಲಿ ಕೆಲಸವಿರಲಿಲ್ಲ, ಅವನು ಮತ್ತೆ ಮುಂಬಯಿಗೇ ಬಂದ. ಇನ್ನೊಬ್ಬ ಅರ್ಜಿದಾರ ಅಹಮದ್‌ನಗರ ಜಿಲ್ಲೆಯ ಸಂಗಮನೇರಿನ ಚಮ್ಮಾರ. ಊರಲ್ಲಿ ಮನೆಯೇ ಬಿದ್ದುಹೋಗಿದ್ದರಿಂದ ಬಂದವನು.

ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಕೂಡ ಅರ್ಜಿ ಹಾಕಿದ್ದರಿಂದ ಈ ಮೊಕದ್ದಮೆಗೆ ಅವರದೇ ಹೆಸರು ನಿಂತಿತು. 1985ರ ಜುಲೈ 10ರಂದು ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ತೀರ್ಪು ಕೊಟ್ಟರು. ಅವರು ಪುಣೆಯಲ್ಲೇ ಹುಟ್ಟಿದವರು. ಜೀವಿಸುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಎಂಬ ಸಾಲಿಗಾಗಿ ಆ ತೀರ್ಪು ಕಾನೂನು ಪುಸ್ತಕಗಳಲ್ಲೆಲ್ಲ ಇದೆ. ಆದರೆ ಪುಸ್ತಕಗಳು ಮೆಲ್ಲಗೆ ದಾಟಿಸುವ ಇನ್ನೊಂದು ಮಾತೂ ಅದರಲ್ಲಿದೆ: ಫುಟ್‌ಪಾತಿನಿಂದ ಎಬ್ಬಿಸುವುದು ತಪ್ಪೆಂದು ಕೋರ್ಟ್ ಹೇಳಲಿಲ್ಲ. ನೋಟಿಸು ಕೊಟ್ಟು ಎಬ್ಬಿಸಿ, 1976ರ ಗಣತಿಯ ಗುರುತುಚೀಟಿ ಇದ್ದವರಿಗೆ ಬೇರೆ ಜಾಗ ಕೊಡಿ, ಮಳೆಗಾಲ ಮುಗಿಯಲಿ, ಅಕ್ಟೋಬರ್ 31ರವರೆಗೆ ಮುಟ್ಟಬೇಡಿ ಎಂದಿತು. ಅಂದರೆ ಬಡವರಿಗೆ ಸಿಕ್ಕಿದ್ದು ಸಮಯ, ಮತ್ತು ಒಂಬತ್ತು ವರ್ಷ ಹಳೆಯ ಚೀಟಿಯೊಂದನ್ನು ಜೋಪಾನವಾಗಿ ಇಟ್ಟುಕೊಂಡವರಿಗೆ ಜಾಗ.

● ಆ ಚೀಟಿಯ ಇಂದಿನ ರೂಪ ಕೊಳೆಗೇರಿ ವಾಸಿಗಳಿಗೆ ಕೊಡುವ ಫೋಟೋ ಪಾಸ್. ಮಹಾರಾಷ್ಟ್ರದ 1971ರ ಕೊಳೆಗೇರಿ ಕಾಯ್ದೆಯ ಪ್ರಕಾರ 2000ನೇ ಇಸವಿಯ ಜನವರಿ 1ಕ್ಕೆ ಮೊದಲಿಂದ ಗುಡಿಸಲಲ್ಲಿ ಇದ್ದೆವೆಂದು ತೋರಿಸಿದವರಿಗೆ ರಕ್ಷಣೆ, ಪುನರ್ವಸತಿಯಾದರೆ ಬದಲಿ ಮನೆ. ಆಮೇಲೆ 2011ರ ಜನವರಿ 1ರವರೆಗೆ ಬಂದವರಿಗೂ ಹಣ ಕಟ್ಟಿದರೆ ಮನೆ ಎಂಬ ದಾರಿ ಬಂತು. ಪುಣೆ ಮತ್ತು ಪಿಂಪ್ರಿ-ಚಿಂಚವಾಡಕ್ಕೆ ಪ್ರತ್ಯೇಕ ಕೊಳೆಗೇರಿ ಪುನರ್ವಸತಿ ಪ್ರಾಧಿಕಾರ 2005ರಿಂದ ಇದೆ. ರಾಮಟೇಕಡಿ, ವೈದುವಾಡಿಯಂಥ ಕಡೆ ಯಾರಾದರೂ ಬಿಲ್ಡರನ ಪರವಾಗಿ ಸಹಿ ಕೇಳಿಕೊಂಡು ಬಂದರೆ, ಮೊದಲು ಅರ್ಹರ ಪಟ್ಟಿಯಲ್ಲಿ ನಮ್ಮ ಹೆಸರು ಯಾವ ಕಾಲಮ್ಮಿನಲ್ಲಿದೆ ಎಂದು ನೋಡಿಸಿಕೊಳ್ಳಬೇಕು. 'ಅನರ್ಹ' ಎಂದಿದ್ದರೆ ಮೇಲ್ಮನವಿಗೆ ಅವಕಾಶವುಂಟು. 1999ರ ಒಂದು ಕರೆಂಟು ಬಿಲ್ಲಿಗೆ ಅಲ್ಲಿ ಮನೆಯಷ್ಟೇ ಬೆಲೆ.

● ರೈಲ್ವೆ ಜಾಗದಲ್ಲಿದ್ದವರ ಗಡುವು ಇನ್ನೂ ಬಿಗಿ. ಪುಣೆ-ಸೊಲ್ಲಾಪುರ ಮಾರ್ಗ ಹಡಪಸರದ ಮೇಲೆಯೇ ಹೋಗುತ್ತದೆ. ಕೇಂದ್ರ ಸರ್ಕಾರದ ಜಾಗಕ್ಕೆ 1971ರ ಸಾರ್ವಜನಿಕ ಆವರಣಗಳ ಕಾಯ್ದೆ ಲಾಗೂ. ತೆರವಿನ ಆದೇಶ ಬಂದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಮೇಲ್ಮನವಿಗೆ ಇರುವುದು 12 ದಿನ. ಊರ ಜಾತ್ರೆಗೆ ಹೋಗಿ ಬರುವಷ್ಟರಲ್ಲಿ ಮುಗಿಯುವ ಅವಧಿ.

● 2024ರ ನವೆಂಬರ್ 13ರ ಸುಪ್ರೀಂ ಕೋರ್ಟ್ ತೀರ್ಪನ್ನು ಎಲ್ಲರೂ 'ಬುಲ್ಡೋಜರ್ ತೀರ್ಪು' ಎನ್ನುತ್ತಾರೆ. ಕೆಡವುವ ಮುನ್ನ 15 ದಿನದ ನೋಟಿಸು, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ಗೋಡೆಗೂ ಅಂಟಿಸಬೇಕು, ಕೆಡವುವುದನ್ನು ವಿಡಿಯೊ ಮಾಡಬೇಕು, ತಪ್ಪು ಮಾಡಿದ ಅಧಿಕಾರಿ ತನ್ನ ಜೇಬಿನಿಂದ ನಷ್ಟ ತುಂಬಬೇಕು. ಓದಿ ಸಂತೋಷಪಡುವ ಮುನ್ನ ಮುಂದಿನ ಸಾಲನ್ನೂ ನೋಡಿ: ರಸ್ತೆ, ಫುಟ್‌ಪಾತ್, ರೈಲು ಹಳಿಯ ಪಕ್ಕ, ನದಿ-ಕೆರೆಯಂಥ ಸಾರ್ವಜನಿಕ ಜಾಗದಲ್ಲಿದ್ದ ಕಟ್ಟಡಕ್ಕೆ ಇದು ಅನ್ವಯಿಸುವುದಿಲ್ಲ. ಅತಿ ಬಡವರು ಇರುವುದೇ ಅಲ್ಲಿ.

● ಖಡಕವಾಸಲಾದಿಂದ ಹೊರಟು ಹಡಪಸರ ದಾಟಿ ದೌಂಡ್, ಇಂದಾಪುರದ ಹೊಲಗಳಿಗೆ ಹೋಗುವ ಮುಠಾ ಕಾಲುವೆ ಗೊತ್ತಲ್ಲ? 2018ರ ಸೆಪ್ಟೆಂಬರ್ 27ರಂದು ದಾಂಡೇಕರ್ ಸೇತುವೆಯ ಹತ್ತಿರ ಅದರ ಗೋಡೆ ಒಡೆದು ಕೆಳಗಿನ ಬಸ್ತಿಗೆ ನೀರು ನುಗ್ಗಿತು. ಇಂಥ ನೆರೆಗೆ ಸಿಕ್ಕವರಿಗೆ ಆದಾಯ ಕೇಳದೆ ವಕೀಲರನ್ನು ಕೊಡಬೇಕೆಂಬುದು ಮೇಲೆ ಹೇಳಿದ ಕಲಂ 12ರಲ್ಲೇ ಇದೆ. ನೀರಿನಲ್ಲಿ ಮೊದಲು ಹೋಗುವುದು ಕಾಗದಪತ್ರ. ಅವುಗಳ ನಕಲು ತೆಗೆಸಿಕೊಡುವುದೂ ಕಾನೂನು ನೆರವೇ.

● ಬಾಡಿಗೆ ಖೋಲಿಯವರೇ, ಇದು ನಿಮಗೆ. ಮಹಾರಾಷ್ಟ್ರದ ಬಾಡಿಗೆ ನಿಯಂತ್ರಣ ಕಾಯ್ದೆ 1999ರದು, 2000ನೇ ಇಸವಿಯ ಮಾರ್ಚ್ 31ರಿಂದ ಜಾರಿಯಲ್ಲಿದೆ. ಅದರ ಕಲಂ 55ರಂತೆ ಬಾಡಿಗೆ ಕರಾರು ಬರಹದಲ್ಲಿರಬೇಕು, ನೋಂದಣಿ ಆಗಿರಬೇಕು. ಮಾಡಿಸುವ ಹೊಣೆ ಮಾಲೀಕರದು. ಮಾಡಿಸದಿದ್ದರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ಸರಿ, ಸುಳ್ಳೆಂದು ಮಾಲೀಕರು ಸಾಬೀತು ಮಾಡುವವರೆಗೆ. ಮಾಲೀಕರಿಗೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಆಗಬಹುದು. '11 ತಿಂಗಳ ಕರಾರು, ನೋಂದಣಿ ಬೇಡ' ಎಂಬ ಬೆಂಗಳೂರಿನ ರೂಢಿ ಪುಣೆಯಲ್ಲಿ ನಡೆಯುವುದಿಲ್ಲ.

ಇದರ ಇನ್ನೊಂದು ಮಗ್ಗುಲೂ ಉಂಟು. ಪುಣೆಯ ಹೆಚ್ಚಿನ ಕರಾರುಗಳು 'ಲೀವ್ ಅಂಡ್ ಲೈಸೆನ್ಸ್' ಎಂಬ ಹೆಸರಿನವು. ಅದಕ್ಕೆ ಸಹಿ ಹಾಕಿದವನು ಕಾಯ್ದೆಯ ಕಣ್ಣಲ್ಲಿ ಬಾಡಿಗೆದಾರನೇ ಅಲ್ಲ. ಅವಧಿ ಮುಗಿದ ಮೇಲೂ ಖಾಲಿ ಮಾಡದಿದ್ದರೆ ದುಪ್ಪಟ್ಟು ಹಣ ತೆರಬೇಕು, ಮಾಲೀಕರು ಸಕ್ಷಮ ಪ್ರಾಧಿಕಾರದ ಮುಂದೆ ಹೋಗಿ ಬೇಗನೆ ಆದೇಶ ತರಬಹುದು. ಆದರೆ ಆದೇಶ ತರಬೇಕು. ತಾವೇ ಬಂದು ಬೀಗ ಜಡಿದು ಪಾತ್ರೆ-ಪಗಡೆ ಹೊರಗೆಸೆಯುವಂತಿಲ್ಲ. ಅವಧಿ ಮುಗಿದ ಲೈಸೆನ್ಸ್‌ದಾರನನ್ನೂ ಕಾನೂನಿನ ದಾರಿಯಲ್ಲೇ ಹೊರಗೆ ಕಳಿಸಬೇಕೆಂದು ಸುಪ್ರೀಂ ಕೋರ್ಟ್ 1989ರಲ್ಲಿ ಹೇಳಿದೆ.

● ಹಾಗೆ ಹೊರಗೆಸೆದರೆ ಏನು ಮಾಡುವುದು? 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 6 ಇದೆ. ಮನೆ ಯಾರದು ಎಂಬ ಪ್ರಶ್ನೆಯನ್ನೇ ಎತ್ತದೆ, 'ನಾನಿಲ್ಲಿದ್ದೆ, ಒಪ್ಪಿಗೆಯಿಲ್ಲದೆ ಹೊರಗೆ ಹಾಕಿದರು' ಎಂದಷ್ಟೇ ತೋರಿಸಿ ಒಳಗೆ ಹೋಗುವ ದಾರಿ ಅದು. ಗಡುವು 6 ತಿಂಗಳು. ಠಾಣೆ, ಪಂಚಾಯ್ತಿ, ಮುಕಾದಮರ ಮಧ್ಯಸ್ಥಿಕೆ ಎಂದು ಅಲೆದು ಏಳನೇ ತಿಂಗಳು ವಕೀಲರ ಹತ್ತಿರ ಬಂದರೆ ಆ ದಾರಿ ಮುಚ್ಚಿರುತ್ತದೆ.

● ಬಾಡಿಗೆದಾರನನ್ನು ಎಬ್ಬಿಸಲು ನೀರು, ಕರೆಂಟು ಕಡಿಯುವುದು ಅಪರಾಧ, ಅದೇ ಬಾಡಿಗೆ ಕಾಯ್ದೆಯ ಕಲಂ 29. ಬಿಲ್ಲು ಬಾಕಿಗೆಂದು ವಿದ್ಯುತ್ ಕಂಪನಿ ಕಡಿಯುವುದಾದರೂ 15 ದಿನದ ಲಿಖಿತ ನೋಟಿಸು ಬೇಕು. ಮಾಲೀಕರು ಒಪ್ಪಿಗೆಪತ್ರ ಕೊಡಲಿಲ್ಲವೆಂದು ಮನೆಯಲ್ಲಿ ವಾಸವಿರುವವರಿಗೆ ಕರೆಂಟು ನಿರಾಕರಿಸುವಂತಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

● ವಿದ್ಯುತ್ತು, ನೀರು, ವಿಮೆ, ಆಸ್ಪತ್ರೆ, ಅಂಚೆಯ ತಕರಾರುಗಳಿಗೆ ಖಾಯಂ ಲೋಕ ಅದಾಲತ್ ಇದೆ. 2002ರ ತಿದ್ದುಪಡಿಯಿಂದ ಬಂದದ್ದು. ರಾಜಿ ಆಗದಿದ್ದರೆ ಅದು ತಾನೇ ತೀರ್ಪನ್ನೂ ಕೊಡಬಲ್ಲದು. ಮಾಮೂಲಿ ಲೋಕ ಅದಾಲತ್ತಿಗೆ ಆ ಅಧಿಕಾರವಿಲ್ಲ, ಅಲ್ಲಿ ಇಬ್ಬರೂ ಒಪ್ಪಲೇಬೇಕು. ಒಂದು ಎಚ್ಚರಿಕೆ: ಲೋಕ ಅದಾಲತ್ತಿನಲ್ಲಿ ರಾಜಿಗೆ ಸಹಿ ಹಾಕಿದರೆ ಅದು ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. 'ಎರಡು ತಿಂಗಳಲ್ಲಿ ಮನೆ ಬಿಡುತ್ತೇನೆ' ಎಂಬ ಸಾಲು ಮರಾಠಿಯಲ್ಲಿದ್ದರೂ ಅಷ್ಟೇ ಗಟ್ಟಿ.

● ಗಂಡನ ಮನೆ ಯಾರ ಹೆಸರಲ್ಲಿದ್ದರೇನು? 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಂಡತಿಗೆ ಕೂಡಿ ಬಾಳಿದ ಮನೆಯಲ್ಲಿ ಇರುವ ಹಕ್ಕು ಕೊಡುತ್ತದೆ. ಮನೆ ಮಾವನ ಹೆಸರಲ್ಲಿದ್ದರೂ ಈ ಹಕ್ಕು ಸಿಗಬಹುದೆಂದು 2020ರ ಅಕ್ಟೋಬರ್ 15ರಂದು ಸುಪ್ರೀಂ ಕೋರ್ಟ್ ತನ್ನ ಹಳೆಯ ತೀರ್ಪನ್ನು ಬದಿಗೊತ್ತಿ ಹೇಳಿತು. ಎರಡೇ ತಿಂಗಳಲ್ಲಿ ಬೆಂಗಳೂರಿನ ಪ್ರಕರಣವೊಂದು ಬಂತು. ಹಿರಿಯ ನಾಗರಿಕರ ಕಾಯ್ದೆಯಡಿ ಅತ್ತೆ-ಮಾವ ಅರ್ಜಿ ಹಾಕಿ ಸೊಸೆಯನ್ನು ಹೊರಗೆ ಕಳಿಸುವ ಆದೇಶ ಪಡೆದಿದ್ದರು. ಎಸ್. ವನಿತಾ ವಿರುದ್ಧ ಬೆಂಗಳೂರು ನಗರ ಜಿಲ್ಲಾಧಿಕಾರಿ ಎಂಬ ಆ ಮೊಕದ್ದಮೆಯಲ್ಲಿ, ಒಂದು ಕಾಯ್ದೆಯ ಅವಸರದ ವಿಚಾರಣೆಯಿಂದ ಇನ್ನೊಂದು ಕಾಯ್ದೆ ಕೊಟ್ಟ ಹಕ್ಕನ್ನು ಅಳಿಸಲಾಗದು ಎಂದು ಡಿಸೆಂಬರ್ 15ರಂದು ತೀರ್ಪಾಯಿತು. ಬರೆದವರು ಡಿ. ವೈ. ಚಂದ್ರಚೂಡ್, ಓಲ್ಗಾ ಟೆಲ್ಲಿಸ್ ತೀರ್ಪು ಬರೆದವರ ಮಗ. ಭಗವತಿಗಳ ಹಾಗೆ ಇಲ್ಲೂ ಅಪ್ಪ-ಮಗನ ಜೋಡಿ. ಕಾಕತಾಳೀಯ ಎನ್ನಿ, ಕೇಳಲು ಚೆನ್ನಾಗಿದೆ.

ವಯಸ್ಸಾದವರು ಇದನ್ನು ಓದಿ ಮುನಿಸಿಕೊಳ್ಳಬೇಕಿಲ್ಲ. 'ನನ್ನನ್ನು ನೋಡಿಕೊಳ್ಳಬೇಕು' ಎಂಬ ಷರತ್ತಿನ ಮೇಲೆ ಮಗನಿಗೆ ಮನೆ ಬರೆದುಕೊಟ್ಟು ಅವನು ನೋಡದಿದ್ದರೆ, ಅದೇ ಹಿರಿಯ ನಾಗರಿಕರ ಕಾಯ್ದೆಯ ಕಲಂ 23ರಡಿ ಆ ಪತ್ರವನ್ನು ರದ್ದು ಮಾಡಿಸಬಹುದು.

● ಊರಿನ ರೇಷನ್ ಕಾರ್ಡು ಹಡಪಸರದ ನ್ಯಾಯಬೆಲೆ ಅಂಗಡಿಯಲ್ಲಿ ನಡೆಯುತ್ತದೆ. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆ 2019ರ ಆಗಸ್ಟಿನಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾಯಿತು, ಅದರಲ್ಲಿ ಮಹಾರಾಷ್ಟ್ರವೂ ಒಂದು. ವಲಸೆ ಕಾರ್ಮಿಕರ ಪ್ರಕರಣದಲ್ಲಿ 2021ರ ಜೂನ್ 29ರಂದು ಸುಪ್ರೀಂ ಕೋರ್ಟ್ ಗಡುವು ಹಾಕಿತು, 2022ರ ಜೂನ್ ಹೊತ್ತಿಗೆ ದೇಶವೆಲ್ಲ ಸೇರಿತು. ದುಡಿಯಲು ಬಂದವರು ತಮ್ಮ ಪಾಲನ್ನು ಇಲ್ಲಿ, ಊರಲ್ಲಿ ಉಳಿದವರು ಉಳಿದದ್ದನ್ನು ಅಲ್ಲಿ ತೆಗೆದುಕೊಳ್ಳಬಹುದು. ಸಿಗುವುದು ಕೇಂದ್ರದ ಆಹಾರ ಭದ್ರತಾ ಕಾಯ್ದೆಯ ಪಾಲು ಮಾತ್ರ. ರಾಜ್ಯ ಸರ್ಕಾರ ತಾನಾಗಿ ಸೇರಿಸುವ ಹೆಚ್ಚಿನ ಅಕ್ಕಿ ಗಡಿ ದಾಟುವುದಿಲ್ಲ. ಅಂಗಡಿಯವನು 'ಬೇರೆ ರಾಜ್ಯದ ಕಾರ್ಡು ಬೇಡ' ಎಂದರೆ ಜಿಲ್ಲಾ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬಹುದು, ಮೇಲ್ಮನವಿ ರಾಜ್ಯ ಆಹಾರ ಆಯೋಗಕ್ಕೆ. ಬಾಯಿಮಾತಿನ 'ಬೇಡ'ಕ್ಕಿಂತ ಲಿಖಿತ ದೂರಿಗೆ ಬೇಗ ಉತ್ತರ ಬರುತ್ತದೆ.

● ಕಟ್ಟಡದ ವೆಚ್ಚದ ಶೇ. 1ರಷ್ಟು ಸೆಸ್ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುತ್ತದೆ, 1996ರ ಕಾಯ್ದೆಗಳಿಂದ ಬಂದ ಏರ್ಪಾಡು. ಹಡಪಸರದ ಸುತ್ತ ಎದ್ದಿರುವ ಗೋಪುರಗಳ ಲೆಕ್ಕದಲ್ಲಿ ಇದು ಸಣ್ಣ ಮೊತ್ತವಲ್ಲ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ನೋಂದಣಿಗೆ ಅರ್ಹರು. ಸಿಕ್ಕಿಕೊಳ್ಳುವುದು ಆ 90 ದಿನದ ಪ್ರಮಾಣಪತ್ರದಲ್ಲಿ. ಬೆಳಿಗ್ಗೆ ಮಜೂರ್ ಅಡ್ಡಾದಲ್ಲಿ ನಿಂತು ದಿನಕ್ಕೊಬ್ಬ ಗುತ್ತೇದಾರನ ಹಿಂದೆ ಹೋಗುವವನಿಗೆ ಸಹಿ ಯಾರು ಹಾಕಬೇಕು? ನೋಂದಣಿ ಇಲ್ಲದವನ ಮಕ್ಕಳಿಗೆ ವಿದ್ಯಾರ್ಥಿವೇತನವೂ ಇಲ್ಲ, ಅವನು ಸತ್ತರೆ ಹೆಂಡತಿಗೆ ಮಂಡಳಿಯ ನೆರವೂ ಇಲ್ಲ.

● ಕೆಲಸದಲ್ಲಿ ಅಪಘಾತವಾಗಿ ಗಂಡ ತೀರಿಕೊಂಡರೆ ಪರಿಹಾರದ ಅರ್ಜಿಗೆ ಪುಣೆಗೇ ಬರಬೇಕೆಂದಿಲ್ಲ. 1923ರ ಪರಿಹಾರ ಕಾಯ್ದೆಗೆ 1995ರಲ್ಲಾದ ತಿದ್ದುಪಡಿ, ಅವಲಂಬಿತರು ತಾವು ವಾಸಿಸುವ ಊರಿನ ಆಯುಕ್ತರ ಮುಂದೆಯೇ ಅರ್ಜಿ ಹಾಕಲು ದಾರಿ ಮಾಡಿತು. ಕಲಬುರಗಿಯ ವಿಧವೆ ಕಲಬುರಗಿಯಲ್ಲೇ ಕನ್ನಡದಲ್ಲಿ ತನ್ನ ಅಳಲು ಹೇಳಬಹುದು. ಅಲ್ಲಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವೇ ವಕೀಲರನ್ನು ಕೊಡುತ್ತದೆ.

● ಸಾಲ ಕೊಟ್ಟವನ ಡಿಕ್ರಿಗಾಗಿ ಸರ್ಕಾರಿ ಪಿಂಚಣಿಯನ್ನು ಜಪ್ತಿ ಮಾಡುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 60. ಅದಕ್ಕೂ ಮುಂಚೆ, 1871ರ ಪಿಂಚಣಿ ಕಾಯ್ದೆಯಲ್ಲೂ ಈ ರಕ್ಷಣೆ ಇತ್ತು.

● ಹಡಪಸರದ ಖೋಲಿಯ ಗಲಾಟೆಯಲ್ಲಿ ಊರಿನ ಮನೆಯನ್ನು ಮರೆಯುವವರೂ ಇದ್ದಾರೆ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳ ತಾಂಡಾದವರೇ ಹೆಚ್ಚು. ತಲೆತಲಾಂತರದಿಂದ ಇದ್ದೂ ಕಾಗದವಿಲ್ಲದ ಮನೆಗಳವು. ದುಡಿಯಲು ಬಂದವರು ತಮ್ಮ ತಾಂಡಾದ ಪಟ್ಟಿಯಲ್ಲಿ ಹೆಸರು ಬಂದಿದೆಯೇ, ಪತ್ರ ಯಾರ ಕೈಯಲ್ಲಿದೆ ಎಂದು ಒಮ್ಮೆ ವಿಚಾರಿಸಲಿ. ದಾಯಾದಿಯ ಟ್ರಂಕಿನಲ್ಲಿ ಇರಲೂಬಹುದು.

● ತರಕಾರಿ ಗಾಡಿ ಎತ್ತಿಕೊಂಡು ಹೋದರೇ? 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಕೊಳೆಯುವ ಸರಕನ್ನು ಕೇಳಿದ ದಿನವೇ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ತಿರುಗಿ ಕೊಡಬೇಕು. ಎತ್ತುವಾಗ ಸಾಮಾನಿನ ಪಟ್ಟಿ ಕೇಳಿ ಪಡೆಯಿರಿ, ಅದಿಲ್ಲದೆ ಮೊಕದ್ದಮೆ ನಿಲ್ಲುವುದು ಕಷ್ಟ.

● ಮನೆ ಬಿಡಿಸುವ ಮೊಕದ್ದಮೆಯಲ್ಲಿ ಬಡ ಬಾಡಿಗೆದಾರನಿಗೆ ವಕೀಲರು ಹಕ್ಕಾಗಿ ಸಿಗಬೇಕು ಎಂದು ಅಮೆರಿಕದಲ್ಲಿ ಮೊದಲು ಹೇಳಿದ ನಗರ ನ್ಯೂಯಾರ್ಕ್, ಅದೂ 2017ರಲ್ಲಿ. ನಮ್ಮ ಕಾಯ್ದೆ ಅದಕ್ಕಿಂತ 30 ವರ್ಷ ಹಳೆಯದು, ಮತ್ತು ಸಿವಿಲ್ ಮೊಕದ್ದಮೆ, ತಹಶೀಲಿಯ ಅರ್ಜಿ ಎಲ್ಲವೂ ಅದರೊಳಗೆ ಬರುತ್ತವೆ. ಆದರೆ ಅಲ್ಲಿಯ ಬಾಡಿಗೆದಾರನಿಗೆ ವಕೀಲರು ಕೋರ್ಟಿನ ಮೊಗಸಾಲೆಯಲ್ಲೇ ಸಿಗುತ್ತಾರೆ, ಇಲ್ಲಿ ಗಾಡಿತಳದಿಂದ ಶಿವಾಜಿನಗರಕ್ಕೆ ಬಸ್ಸು ಹಿಡಿದು, ಅರ್ಧ ದಿನದ ಕೂಲಿ ಬಿಟ್ಟು ಹೋಗಬೇಕು. 2009ರಿಂದ ಅರೆಕಾನೂನು ಸ್ವಯಂಸೇವಕರ ಯೋಜನೆ ಬಂದದ್ದು ಈ ದೂರ ಕಡಿಮೆ ಮಾಡಲೆಂದೇ. ಕನ್ನಡ, ಲಂಬಾಣಿ ಎರಡೂ ಬಲ್ಲ ಒಬ್ಬ ಸ್ವಯಂಸೇವಕ ಅಡ್ಡಾದಲ್ಲಿ ಬೆಳಿಗ್ಗೆ ಒಂದು ತಾಸು ನಿಂತರೆ ಹತ್ತು ಶಿಬಿರಗಳ ಭಾಷಣಕ್ಕಿಂತ ಹೆಚ್ಚು ಕೆಲಸವಾದೀತು ಎಂಬುದು ನನ್ನ ಎಣಿಕೆ.

● ಕಡೆಗೆ, ನೇಮಕವಾದ ವಕೀಲರು 'ಸ್ವಲ್ಪ ಖರ್ಚಿಗೆ' ಎಂದು ಕೇಳಿದರೆ ಕೊಡಬೇಡಿ. ಅವರಿಗೆ ಶುಲ್ಕ ಕೊಡುವುದು ಪ್ರಾಧಿಕಾರ, ಕಕ್ಷಿದಾರರಿಂದ ಒಂದು ರೂಪಾಯಿಯೂ ತೆಗೆದುಕೊಳ್ಳುವಂತಿಲ್ಲ. ಪ್ರಾಧಿಕಾರದ ಕಾರ್ಯದರ್ಶಿಗೆ ಒಂದು ಅರ್ಜಿ ಬರೆದರೆ ವಕೀಲರನ್ನು ಬದಲಿಸಿಕೊಡುತ್ತಾರೆ. ಅರ್ಜಿ ಕೊಟ್ಟಾಗ ಸ್ವೀಕೃತಿಯ ಮೊಹರು, ತಾರೀಖು ಹಾಕಿಸಿಕೊಳ್ಳಿ.